ರಸ್ತೆ ಪಾಠ ಹೇಳುವ ಮೇಷ್ಟ್ರು: ಅಂಗಡಿ ಮುಂದಿನ ಡಾಂಬರಿಗೂ ಕಾಲೇಜಿನ ಲ್ಯಾಬಿಗೂ ಏನು ನಂಟು?

ನಲ್ಲೂರು: ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡಾಂಬರು ಕಿತ್ತು ಬಂದರೆ ಜನ ಬೈಯೋದು ಗುತ್ತಿಗೆದಾರರನ್ನ, ಇಲ್ಲವೇ ಎಂಜಿನಿಯರನ್ನ. ಆ ಎಂಜಿನಿಯರಿಗೆ ರಸ್ತೆ ಪಾಠ ಹೇಳಿದ್ದು ಯಾರು, ಆ ಪಾಠದಲ್ಲಿ ಏನಿದೆ ಅಂತ ಕೇಳುವವರು ಕಡಿಮೆ. ಸಾರಿಗೆ ಎಂಜಿನಿಯರಿಂಗ್ ಮತ್ತು ನಗರ ಯೋಜನೆ ಕಲಿಸುವ ಪ್ರಾಧ್ಯಾಪಕರ ಕೆಲಸವೇನು, ಅದರಿಂದ ತಾಲ್ಲೂಕಿನ ಜನರಿಗೆ ಏನು ಉಪಯೋಗ ಎಂಬ ಮಾಹಿತಿ ಇಲ್ಲಿದೆ.

ಖನ್ನಾ–ಜಸ್ಟೊ ಪುಸ್ತಕ

ಸಿವಿಲ್ ಓದಿದ ಯಾರನ್ನೇ ಕೇಳಿ, ‘ಖನ್ನಾ–ಜಸ್ಟೊ’ ಹೆಸರು ಗೊತ್ತಿರುತ್ತೆ. ‘ಹೈವೇ ಎಂಜಿನಿಯರಿಂಗ್’ ಎಂಬ ಈ ಪಠ್ಯ ಮೊದಲು ಬಂದದ್ದು 1971ರಲ್ಲಿ. ಬರೆದವರು ಎಸ್.ಕೆ. ಖನ್ನಾ ಮತ್ತು ಸಿ.ಇ.ಜಿ. ಜಸ್ಟೊ. ಜಸ್ಟೊ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಹೆದ್ದಾರಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು. ಅಲ್ಲೇ ಕಲಿಸುತ್ತಿದ್ದ ಎ. ವೀರರಾಘವನ್ ಆಮೇಲೆ ಮದ್ರಾಸ್ ಐಐಟಿಗೆ ಹೋದರು. ಪುಸ್ತಕದ ಪರಿಷ್ಕೃತ ಆವೃತ್ತಿಯಲ್ಲಿ ಅವರ ಹೆಸರೂ ಸೇರಿದೆ.

ಪ್ಲಾಸ್ಟಿಕ್ ರಸ್ತೆ ಪರೀಕ್ಷೆ

ಪಾಠ ಹೇಳುವುದು ಈ ವೃತ್ತಿಯ ಅರ್ಧ ಮಾತ್ರ. ಇನ್ನರ್ಧ ಲ್ಯಾಬಿನ ಕೆಲಸ. ಬೆಂಗಳೂರಿನ ಕೆ.ಕೆ. ಪ್ಲಾಸ್ಟಿಕ್‌ನವರು ಕಸದ ಪ್ಲಾಸ್ಟಿಕ್ ಚೀಲಗಳನ್ನು ಡಾಂಬರಿಗೆ ಬೆರೆಸುವ ಯೋಚನೆ ಮುಂದಿಟ್ಟಾಗ ಅದನ್ನು ಪರೀಕ್ಷೆಗೆ ಒಡ್ಡಿದ್ದು ಜಸ್ಟೊ ಮತ್ತು ವೀರರಾಘವನ್. 2002ರ ಅವರ ವರದಿ ಪ್ರಕಾರ ಡಾಂಬರಿನ ತೂಕದ ಶೇ 8ರಷ್ಟು ಸಂಸ್ಕರಿಸಿದ ಪ್ಲಾಸ್ಟಿಕ್ ಸೇರಿಸಿದರೆ ಮಿಶ್ರಣದ ಬಲ ಹೆಚ್ಚುತ್ತೆ, ಡಾಂಬರೂ ಸ್ವಲ್ಪ ಉಳಿಯುತ್ತೆ. ಮದುರೈನ ಪ್ರಾಧ್ಯಾಪಕ ಆರ್. ವಾಸುದೇವನ್ ಬಿಸಿ ಜಲ್ಲಿಗೇ ಪ್ಲಾಸ್ಟಿಕ್ ಲೇಪಿಸುವ ವಿಧಾನ ರೂಪಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಪುಸ್ತಕ ಹೇಳುವ ಮೂರು ಸಂಗತಿ

1. ಮಣ್ಣು: ರಸ್ತೆಯ ದಪ್ಪ ನಿರ್ಧಾರವಾಗೋದು ಕೆಳಗಿನ ಮಣ್ಣಿನಿಂದ. ಮಣ್ಣಿನ ಮಾದರಿಯನ್ನು 4 ದಿನ ನೀರಿನಲ್ಲಿ ನೆನೆಸಿ, ಒತ್ತಿ ನೋಡುವ ಪರೀಕ್ಷೆಗೆ ಸಿಬಿಆರ್ ಅಂತಾರೆ. ಎರೆಮಣ್ಣು ನೆಂದರೆ ಬಲ ಕಳೆದುಕೊಳ್ಳುತ್ತೆ. ಹಾಗಾಗಿ ಅಲ್ಲಿ ಜಲ್ಲಿ ಪದರ ಹೆಚ್ಚು ದಪ್ಪ ಬೇಕು.

2. ಭಾರ: ಲೆಕ್ಕಕ್ಕೆ ಹಿಡಿಯುವ ಮಾನದಂಡ ಒಂದು ಆಕ್ಸಲ್‌ಗೆ 8.16 ಟನ್. ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು 16ರಷ್ಟು. ಶೇ 10ರಷ್ಟು ಓವರ್‌ಲೋಡ್ ಆದರೂ ಪೆಟ್ಟು ಶೇ 46ರಷ್ಟು ಹೆಚ್ಚು. ಮರಳು, ಜಲ್ಲಿ ಲಾರಿ ಓಡಾಡುವ ರಸ್ತೆ ಬೇಗ ಕೂರೋದು ಇದಕ್ಕೇ.

3. ನೀರು: ಡಾಂಬರಿನ ದೊಡ್ಡ ಶತ್ರು ನಿಂತ ನೀರು. ನೀರು ಒಳಗಿಳಿದರೆ ಜಲ್ಲಿಗೂ ಡಾಂಬರಿಗೂ ಹಿಡಿತ ತಪ್ಪುತ್ತೆ. ಅಂಗಡಿ ಮುಂದೆ ಗಾಡಿ ಹತ್ತಿಸಲು ಚರಂಡಿಗೆ ಮಣ್ಣು ತುಂಬಿದರೆ ಗುಂಡಿ ಬೀಳೋದು ಅದೇ ಅಂಗಡಿ ಮುಂದೆ.

ನಗರ ಯೋಜನೆಯ ಭಾಗ

ವೃತ್ತದಲ್ಲಿ ನಿಂತು ವಾಹನ ಎಣಿಸುವುದು, ಒಂದು ಬೈಕು ಅಂಗಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತೆ ಎಂದು ಬರೆದುಕೊಳ್ಳುವುದು, ಬಸ್ಸಿಗೆ ಕಾಯುವವರನ್ನು ಮಾತಾಡಿಸುವುದು ಕೂಡ ಇದೇ ಓದಿನ ಕೆಲಸ. ಪಾರ್ಕಿಂಗ್, ರಸ್ತೆ ಅಗಲೀಕರಣ ತೀರ್ಮಾನಕ್ಕೆ ಇಂಥ ಲೆಕ್ಕವೇ ಆಧಾರ ಆಗಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಮಾಡುವಾಗ ಸಾರ್ವಜನಿಕರ ಆಕ್ಷೇಪಣೆಗೆ ಅವಕಾಶ ಇದೆ. ವ್ಯಾಪಾರಸ್ಥರು ಆಗಲೇ ಬರೆದುಕೊಡಬೇಕು. ಜೆಸಿಬಿ ಬಂದ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಮಕ್ಕಳಿಗೆ ದಾರಿ

ಪಿಯುಸಿ ವಿಜ್ಞಾನದ ನಂತರ ಸಿವಿಲ್ ಬಿಇ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ದಾವಣಗೆರೆಯಲ್ಲೇ 1951ರಲ್ಲಿ ಶುರುವಾದ ಯುಬಿಡಿಟಿ, 1979ರ ಬಿಐಇಟಿ ಕಾಲೇಜುಗಳಿವೆ. ಆಮೇಲೆ ಗೇಟ್ ಪರೀಕ್ಷೆ ಬರೆದು ಎಂಟೆಕ್. ಸುರತ್ಕಲ್ ಎನ್‌ಐಟಿಕೆ, ಬೆಂಗಳೂರಿನ ಯುವಿಸಿಇಗಳಲ್ಲಿ ಸಾರಿಗೆ, ಹೆದ್ದಾರಿ ವಿಷಯದ ಉನ್ನತ ಓದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾರಿಗೆ ಮತ್ತು ನಗರ ಯೋಜನೆಗೆಂದೇ 2009ರಲ್ಲಿ ‘ಸಿಸ್ಟಪ್’ ಕೇಂದ್ರ ಶುರುವಾಯಿತು. ಗೇಟ್ ಮೂಲಕ ಸೇರಿದ ಅರ್ಹ ಎಂಟೆಕ್ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,400 ರೂ. ಸಿಗುತ್ತೆ. ಪಿಎಚ್‌ಡಿ ಮುಗಿಸಲು ಮತ್ತೆ ನಾಲ್ಕೈದು ವರ್ಷ ಬೇಕು. ದುಡಿಮೆ ತಡವಾಗಿ ಶುರುವಾಗುತ್ತೆ ಅನ್ನೋದನ್ನ ಮನೆಯವರು ಮೊದಲೇ ತಿಳಿದಿರಬೇಕು.

ಜನರು ಏನು ಕೇಳಬಹುದು?

ಕಾಮಗಾರಿ ನಡೆಯುವಾಗ ಸುಮ್ಮನೆ ‘ಕಳಪೆ’ ಅಂದರೆ ಯಾರೂ ಕಿವಿಗೊಡಲ್ಲ. ಅಂದಾಜುಪಟ್ಟಿಯಲ್ಲಿ ಪದರಗಳ ದಪ್ಪ ಎಷ್ಟು, ಮಣ್ಣಿನ ಸಿಬಿಆರ್ ಎಷ್ಟು, ಗುಣಮಟ್ಟ ಪರೀಕ್ಷಾ ವರದಿ ಎಲ್ಲಿ ಎಂದು ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕ ಕಟ್ಟಿ ಈ ದಾಖಲೆ ಪಡೆಯಬಹುದು. ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಗ್ರಾಮ ಸಡಕ್ ಯೋಜನೆ ರಸ್ತೆಯಾದರೆ 5 ವರ್ಷ ನಿರ್ವಹಣೆ ಗುತ್ತಿಗೆದಾರರದೇ ಹೊಣೆ. ಬದಿಯ ಫಲಕದಲ್ಲಿ ಕೆಲಸ ಮುಗಿದ ದಿನಾಂಕ ನೋಡಿಕೊಂಡರೆ ಅವಧಿ ಇನ್ನೂ ಇದೆಯೋ ಇಲ್ಲವೋ ಗೊತ್ತಾಗುತ್ತೆ.