ಪ್ರಾರ್ಥನೆಯ ದಿಕ್ಕು: ಜೆರುಸಲೇಮ್, ಪೂರ್ವ, ಮೆಕ್ಕಾ ಮತ್ತು ನಿಂತ ನೆಲ

ಧರ್ಮಗಳ ತೌಲನಿಕ ಅಧ್ಯಯನವು ಸಾಮಾನ್ಯವಾಗಿ ದೇವರ ಸ್ವರೂಪ, ಧರ್ಮಗ್ರಂಥ, ಪ್ರವಾದಿ, ಮೋಕ್ಷಕಲ್ಪನೆ ಮೊದಲಾದ ಶೀರ್ಷಿಕೆಗಳಲ್ಲಿ ಸಾಗುತ್ತದೆ. ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳಿಗೆ ಈ ಶೀರ್ಷಿಕೆಗಳು ಚೆನ್ನಾಗಿ ಒಪ್ಪುತ್ತವೆ. ಅವುಗಳನ್ನೇ ನೋಡಿ ರೂಪಿಸಿದವಾದ್ದರಿಂದ ಒಪ್ಪದಿದ್ದರೇ ಆಶ್ಚರ್ಯ. ಉತ್ತರ ಅಮೆರಿಕದ ಮೂಲನಿವಾಸಿಗಳ ಶ್ರದ್ಧೆಯನ್ನು ಅದೇ ಪಟ್ಟಿಗೆ ಸೇರಿಸಿದೊಡನೆ ಅರ್ಧದಷ್ಟು ಅಂಕಣಗಳು ಖಾಲಿ ಉಳಿಯುತ್ತವೆ. ಅಲ್ಲಿ ಗ್ರಂಥವಿಲ್ಲ, ಸ್ಥಾಪಕನಿಲ್ಲ, ಮತಾಂತರದ ಹಂಬಲವಿಲ್ಲ. ಖಾಲಿ ಅಂಕಣವನ್ನು ಕಂಡ ಓದುಗ ಅದನ್ನು ಕೊರತೆಯೆಂದೇ ಓದಿಕೊಳ್ಳುತ್ತಾನೆ. 1871ರಲ್ಲಿ ಎಡ್ವರ್ಡ್ ಟೈಲರ್ ಇಂಥ ಶ್ರದ್ಧೆಗಳಿಗೆಲ್ಲ 'ಆನಿಮಿಸಂ' ಎಂಬ ಒಂದೇ ಹೆಸರಿಟ್ಟು ಧರ್ಮವಿಕಾಸದ ಮೊದಲ ಮೆಟ್ಟಿಲಿನಲ್ಲಿ ಕೂರಿಸಿದ್ದು ಈ ಓದಿನ ಫಲವೇ. ಜೈನಧರ್ಮವನ್ನು ಇದೇ ಅಂಕಣಗಳಿಂದ ಅಳೆದು 'ದೇವರಿಲ್ಲದ ಧರ್ಮ'ವೆಂದು ಬದಿಗಿಟ್ಟವರ ಪರಿಚಯ ಕನ್ನಡದ ಓದುಗರಿಗೂ ಉಂಟು.

ಆದಕಾರಣ ಬೇರೊಂದು ಪ್ರಶ್ನೆಯಿಂದ ಹೊರಡುವುದು ಲೇಸು. ಪ್ರಾರ್ಥಿಸುವವನು ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾನೆ? ಪ್ರಶ್ನೆ ಚಿಕ್ಕದು. ಆದರೆ ಈ ನಾಲ್ಕೂ ಪರಂಪರೆಗಳು ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತವೆ. ಯಾವ ಅಂಕಣವೂ ಖಾಲಿ ಉಳಿಯುವುದಿಲ್ಲ.

ಯೆಹೂದಿ ಪರಂಪರೆಯ ಉತ್ತರ ಎಲ್ಲಕ್ಕಿಂತ ಹಳೆಯದು. ಹೀಬ್ರೂ ಬೈಬಲ್ಲಿನ ಅರಸುಗಳ ಮೊದಲನೆಯ ಪುಸ್ತಕದಲ್ಲಿ ಸೊಲೊಮೋನನು ಜೆರುಸಲೇಮಿನ ದೇವಾಲಯವನ್ನು ಪ್ರತಿಷ್ಠೆ ಮಾಡುವಾಗ ಆಡುವ ಮಾತು ವಿಚಿತ್ರವಾಗಿದೆ. ಆಕಾಶವೂ ಹಿಡಿಸಲಾರದ ದೇವರನ್ನು ಈ ಮನೆ ಹಿಡಿಸೀತೇ ಎಂದು ಮೊದಲು ಕೇಳುತ್ತಾನೆ. ಮರುಕ್ಷಣವೇ, ಸೆರೆಯಾಗಿ ಪರದೇಶಕ್ಕೆ ಹೋದ ಜನರು ಈ ನಾಡಿನ, ಈ ನಗರದ ಕಡೆಗೆ ತಿರುಗಿ ಬೇಡಿದರೆ ಕೇಳಿಸಿಕೋ ಎನ್ನುತ್ತಾನೆ. ದೇವಾಲಯದ ಉದ್ಘಾಟನೆಯ ದಿನವೇ ಸೆರೆವಾಸದ ಮಾತು ಬಂದಿರುವುದರಿಂದ ಈ ಭಾಗವು ಬ್ಯಾಬಿಲೋನಿನ ಸೆರೆವಾಸದ ಕಾಲದಲ್ಲಿ ರೂಪುಗೊಂಡಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಬ್ಯಾಬಿಲೋನಿನಲ್ಲಿದ್ದ ದಾನಿಯೇಲನು ದಿನಕ್ಕೆ ಮೂರು ಸಲ ಜೆರುಸಲೇಮಿನ ಕಡೆಗೆ ತೆರೆದ ಕಿಟಕಿಯ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನೆಂದು ಅವನ ಹೆಸರಿನ ಪುಸ್ತಕ ಹೇಳುತ್ತದೆ. ಕಥೆಯ ಕಾಲಕ್ಕೆ ಆ ದೇವಾಲಯ ನೆಲಸಮವಾಗಿತ್ತು. ಕಿಟಕಿ ತೆರೆದಿದ್ದು ಪಾಳುಬಿದ್ದ ಊರಿನ ಕಡೆಗೆ.

ಎರಡನೆಯ ದೇವಾಲಯವನ್ನು ರೋಮನರು ಕ್ರಿ.ಶ. 70ರಲ್ಲಿ ಸುಟ್ಟ ಮೇಲೆ ಈ ಸ್ಥಿತಿಯೇ ಶಾಶ್ವತವಾಯಿತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಗ್ರಂಥವು ದಿಕ್ಕಿನ ವಿಚಾರದಲ್ಲಿ ಬಹಳ ವ್ಯಾವಹಾರಿಕವಾದ ವಿಧಿಯನ್ನು ಕೊಡುತ್ತದೆ. ಕತ್ತೆಯ ಮೇಲೆ ಹೋಗುತ್ತಿರುವವನು ಇಳಿದು ಪ್ರಾರ್ಥಿಸಬೇಕು. ಇಳಿಯಲಾಗದಿದ್ದರೆ ಮುಖವನ್ನಾದರೂ ತಿರುಗಿಸಬೇಕು. ಅದೂ ಆಗದಿದ್ದರೆ ಮನಸ್ಸನ್ನು ದೇವಾಲಯದ ಗರ್ಭಗೃಹದತ್ತ ತಿರುಗಿಸಬೇಕು. ಹಡಗಿನಲ್ಲಿ, ತೆಪ್ಪದಲ್ಲಿ ಇರುವವನಿಗೂ ಇದೇ ಕೊನೆಯ ವಿಧಿ. ಪ್ರಾರ್ಥನೆಯಲ್ಲಿರಬೇಕಾದ ಏಕಾಗ್ರತೆಗೆ ಯೆಹೂದಿಗಳು ಬಳಸುವ 'ಕವ್ವನಾ' ಎಂಬ ಶಬ್ದದ ಧಾತುವಿಗೆ 'ಗುರಿಯತ್ತ ತಿರುಗಿಸು' ಎಂಬುದೇ ಅರ್ಥ. ದೇಹದ ತಿರುವು ಮತ್ತು ಮನಸ್ಸಿನ ತಿರುವು ಅಲ್ಲಿ ಒಂದೇ ಮಾತಿನಲ್ಲಿ ಅಡಗಿವೆ. ಯುರೋಪಿನ ಯೆಹೂದಿ ಮನೆಗಳಲ್ಲಿ ಪೂರ್ವದ ಗೋಡೆಗೆ 'ಮಿಜ್ರಾಹ್' ಎಂಬ ಚಿತ್ರಫಲಕ ತೂಗುಹಾಕುವ ವಾಡಿಕೆಯಿತ್ತು. ಆ ಪದಕ್ಕೆ ಪೂರ್ವ ಎಂದೇ ಅರ್ಥ. ಕೊಚ್ಚಿಯ ಸಿನಗಾಗ್‌ಗಳಲ್ಲಾದರೋ ಧರ್ಮಸುರುಳಿಗಳ ಪೆಟ್ಟಿಗೆ ಇರುವುದು ಪಶ್ಚಿಮದ ಗೋಡೆಯಲ್ಲಿ. ಗುರಿಯಾದ ಊರೊಂದೇ, ನಿಂತ ನೆಲಗಳು ಬೇರೆ.

ಕ್ರೈಸ್ತರು ಊರನ್ನು ಬಿಟ್ಟು ದಿಕ್ಕನ್ನು ಉಳಿಸಿಕೊಂಡರು. ಯೋಹಾನನ ಸುವಾರ್ತೆಯ ಯೇಸು ಸಮಾರ್ಯದ ಹೆಂಗಸಿಗೆ, ಈ ಬೆಟ್ಟವೂ ಬೇಡ, ಜೆರುಸಲೇಮೂ ಬೇಡ, ಆರಾಧನೆ ಆತ್ಮದಲ್ಲಿ ನಡೆಯಬೇಕು ಎಂಬರ್ಥದ ಮಾತನ್ನು ಹೇಳುತ್ತಾನೆ. ಅಷ್ಟಾದರೂ ಎರಡನೆಯ ಶತಮಾನ ಮುಗಿಯುವುದರೊಳಗೆ ಕ್ರೈಸ್ತರು ಪೂರ್ವಾಭಿಮುಖವಾಗಿ ಪ್ರಾರ್ಥಿಸುವುದು ರೂಢಿಯಾಗಿತ್ತು. ಉತ್ತರ ಆಫ್ರಿಕದ ಟೆರ್ಟುಲಿಯನ್, ಇದನ್ನು ಕಂಡವರು ಕ್ರೈಸ್ತರನ್ನು ಸೂರ್ಯಾರಾಧಕರೆಂದು ಶಂಕಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ನಾಲ್ಕನೆಯ ಶತಮಾನದ ಸಂತ ಬೆಸಿಲ್, ಬರೆದಿಡದ ಸಂಪ್ರದಾಯಗಳ ಪಟ್ಟಿಯಲ್ಲಿ ಇದನ್ನು ಸೇರಿಸಿ, ಪೂರ್ವದಲ್ಲಿದ್ದ ಏದೆನ್ ತೋಟವೆಂಬ ಕಳೆದುಹೋದ ತವರನ್ನು ನಾವು ಹುಡುಕುತ್ತಿದ್ದೇವೆಂದು ವಿವರಿಸುತ್ತಾನೆ. ಮರಳಿ ಬರುವ ಕ್ರಿಸ್ತನೂ ಪೂರ್ವದಿಂದಲೇ ಬರುವನೆಂಬ ನಂಬಿಕೆ ಇದಕ್ಕೆ ಜೊತೆಯಾಯಿತು. ಕಾಲದ ಎರಡು ತುದಿಗಳು, ಸೃಷ್ಟಿಯ ಆದಿ ಮತ್ತು ಅಂತ್ಯ, ಒಂದೇ ದಿಕ್ಕಿನಲ್ಲಿ ಸೇರಿದವು. ಐದನೆಯ ಶತಮಾನದಲ್ಲಿ ಪೋಪ್ ಒಂದನೆಯ ಲಿಯೋ, ಸಂತ ಪೇತ್ರನ ಬೆಸಿಲಿಕಾದ ಮೆಟ್ಟಿಲ ಮೇಲೆ ಹಿಂದಿರುಗಿ ಉದಯಸೂರ್ಯನಿಗೆ ತಲೆಬಾಗುತ್ತಿದ್ದ ಭಕ್ತರನ್ನು ಗದರಿಸಬೇಕಾಯಿತು. ಟೆರ್ಟುಲಿಯನ್ ಅಲ್ಲಗಳೆದ ಶಂಕೆ ಪೂರ್ತಿ ನಿರಾಧಾರವಾಗಿರಲಿಲ್ಲ ಎನ್ನಬೇಕು.

ಪ್ರಾಟೆಸ್ಟಂಟರಲ್ಲಿ ಈ ರೂಢಿ ಬಹುಮಟ್ಟಿಗೆ ಸಡಿಲಗೊಂಡಿತು. ಹಾಗೆಂದು ವಿಷಯ ಮುಗಿದುಹೋದದ್ದಲ್ಲ. ಕೇರಳ ಮೂಲದ ಸಿರೋ-ಮಲಬಾರ್ ಸಭೆಯ ಧರ್ಮಪ್ರಾಂತ್ಯಗಳು ಬೆಳ್ತಂಗಡಿ, ಮಂಡ್ಯ, ಭದ್ರಾವತಿಗಳಲ್ಲಿಯೂ ಇವೆ. ಆ ಸಭೆಯ ಸಿನಡ್ 2021ರಲ್ಲಿ, ಬಲಿಪೂಜೆಯ ಮೊದಲ ಭಾಗದಲ್ಲಿ ಪಾದ್ರಿಯು ಜನರ ಕಡೆಗೂ ನಡುವಿನ ಮುಖ್ಯಭಾಗದಲ್ಲಿ ಬಲಿಪೀಠದ ಕಡೆಗೂ ಮುಖ ಮಾಡಬೇಕೆಂದು ನಿರ್ಣಯಿಸಿತು. ಎರ್ನಾಕುಲಂ-ಅಂಗಮಾಲಿ ಮಹಾಧರ್ಮಪ್ರಾಂತ್ಯದ ಪಾದ್ರಿಗಳೂ ವಿಶ್ವಾಸಿಗಳೂ ಬಹುಸಂಖ್ಯೆಯಲ್ಲಿ ಇದನ್ನು ವಿರೋಧಿಸಿದರು. 2022ರ ಕೊನೆಯಲ್ಲಿ ಅಲ್ಲಿನ ಪ್ರಧಾನ ಬೆಸಿಲಿಕಾ ಬಾಗಿಲು ಮುಚ್ಚಬೇಕಾಯಿತು. ಅಲ್ಲಿ ಪ್ರಾರ್ಥನೆಯ ಪದಗಳ ವಿಷಯದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಜಗಳ ಪಾದ್ರಿಯ ಬೆನ್ನು ಯಾರ ಕಡೆಗಿರಬೇಕೆಂಬುದರಲ್ಲಿತ್ತು.

ಇಸ್ಲಾಮಿನಲ್ಲಿ ದಿಕ್ಕು ಕೇವಲ ರೂಢಿಯಲ್ಲ, ನಮಾಜಿನ ಅಂಗವೇ ಆದ ವಿಧಿ. ಕ್ರಿ.ಶ. 622ರಲ್ಲಿ ಮದೀನಾಕ್ಕೆ ಬಂದ ಪ್ರವಾದಿ ಮುಹಮ್ಮದರೂ ಅವರ ಅನುಯಾಯಿಗಳೂ ಹದಿನಾರು ಅಥವಾ ಹದಿನೇಳು ತಿಂಗಳು ಜೆರುಸಲೇಮಿನ ಕಡೆಗೆ ಪ್ರಾರ್ಥಿಸಿದರೆಂದು ಹದೀಸುಗಳು ಹೇಳುತ್ತವೆ. ಅನಂತರ ಕಾಬಾದ ಕಡೆಗೆ ತಿರುಗುವಂತೆ ಆಜ್ಞೆಯಾಯಿತು. ಮದೀನಾದಿಂದ ಜೆರುಸಲೇಮ್ ಉತ್ತರಕ್ಕೆ, ಮೆಕ್ಕಾ ದಕ್ಷಿಣಕ್ಕೆ. ಹೀಗಾಗಿ ಸುದ್ದಿ ತಲುಪಿದಾಗ ಕುಬಾದಲ್ಲಿ ನಮಾಜಿನಲ್ಲಿ ತೊಡಗಿದ್ದವರು ನಿಂತಲ್ಲೇ ಅರ್ಧ ವೃತ್ತ ತಿರುಗಿದರು. ಮದೀನಾದ 'ಎರಡು ಕಿಬ್ಲಾಗಳ ಮಸೀದಿ' ಈ ನೆನಪನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಹೊಸ ಸಮುದಾಯವೊಂದು ತನ್ನನ್ನು ಯೆಹೂದಿ-ಕ್ರೈಸ್ತರಿಂದ ಬೇರೆಯೆಂದು ಕಂಡುಕೊಂಡ ಕ್ಷಣ ಇದೆಂದು ಇತಿಹಾಸಕಾರರು ವಿವರಿಸುತ್ತಾರೆ. ಅದು ನಿಜ, ಆದರೆ ಕುರ್‌ಆನಿನ ಎರಡನೆಯ ಅಧ್ಯಾಯವನ್ನು ಇಡಿಯಾಗಿ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಕಿಬ್ಲಾ ಬದಲಿಸುವ ಆಜ್ಞೆ ಇರುವ ಅದೇ ಅಧ್ಯಾಯದಲ್ಲಿ, ಪೂರ್ವ ಪಶ್ಚಿಮಗಳೆರಡೂ ಅಲ್ಲಾಹನವೇ ಎಂಬ ಮಾತೂ, ಧರ್ಮವಿರುವುದು ಮುಖವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸುವುದರಲ್ಲಿ ಅಲ್ಲವೆಂಬ ಮಾತೂ ಇವೆ. ಸೊಲೊಮೋನನ ಪ್ರಾರ್ಥನೆಯಲ್ಲಿದ್ದ ಇಕ್ಕಟ್ಟೇ ಇದು.

ದಿಕ್ಕು ವಿಧಿಯಾದದ್ದರಿಂದ ಅದು ಗಣಿತವೂ ಆಯಿತು. 1025ರಲ್ಲಿ ಘಜ್ನಿಯಲ್ಲಿ ಅಲ್ ಬಿರೂನಿ ನಗರಗಳ ಅಕ್ಷಾಂಶ ರೇಖಾಂಶಗಳನ್ನು ಕುರಿತು ಬರೆದ ಗ್ರಂಥದ ಒಂದು ಉದ್ದೇಶ ಘಜ್ನಿಯಿಂದ ಮೆಕ್ಕಾದ ದಿಕ್ಕನ್ನು ಲೆಕ್ಕಹಾಕುವುದೇ ಆಗಿತ್ತು. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಫರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಆ ದೇಶದ ಧರ್ಮಪಂಡಿತರು ಕೊಟ್ಟ ಕ್ರಮ ಹೀಗಿತ್ತು: ಸಾಧ್ಯವಾದರೆ ಕಾಬಾದ ಕಡೆಗೆ, ಇಲ್ಲವಾದರೆ ಕಾಬಾದ ನೇರ ಮೇಲಿನ ಆಕಾಶದ ಕಡೆಗೆ, ಅದೂ ಆಗದಿದ್ದರೆ ಭೂಮಿಯ ಕಡೆಗೆ, ಕೊನೆಗೆ ಯಾವ ಕಡೆಗಾದರೂ ಸರಿ. ಮಿಶ್ನಾದ ಕತ್ತೆ ಸವಾರನಿಗೆ ಹೇಳಿದ ಮೆಟ್ಟಿಲುಗಳನ್ನೇ ಸುಮಾರು ಸಾವಿರದ ಎಂಟುನೂರು ವರ್ಷಗಳ ತರುವಾಯ ಬೇರೊಂದು ಧರ್ಮ ಏರಿ ಇಳಿದಂತಿದೆ. ಒಂದು ಇನ್ನೊಂದರಿಂದ ಎರವಲು ಪಡೆಯಿತೆಂದು ಸಾಧಿಸುವ ಅಗತ್ಯವಿಲ್ಲ. ಪ್ರಶ್ನೆ ಒಂದೇ ಆದಾಗ ಉತ್ತರಗಳೂ ಹತ್ತಿರ ಬರುತ್ತವೆ.

ಈ ಮೂರೂ ಧರ್ಮಗಳಲ್ಲಿ ಪ್ರಾರ್ಥಿಸುವವನು ಇಲ್ಲಿ ನಿಂತು ಅಲ್ಲಿಗೆ ತಿರುಗುತ್ತಾನೆ. ನಡುವೆ ಒಂದು ದೂರವಿದೆ. ಆ ದೂರವೇ ಭಕ್ತಿಯ ಸಾಮಗ್ರಿ. ಭೂಮಿಯ ಯಾವ ಮೂಲೆಯಿಂದಲೂ ಈ ರೇಖೆಯನ್ನು ಎಳೆಯಬಹುದಾದ್ದರಿಂದ ಈ ಧರ್ಮಗಳು ನಾಡು ದಾಟಿಯೂ ಚದುರದೆ ಉಳಿದವು.

ಮೂಲನಿವಾಸಿಗಳ ಧರ್ಮವೆಂಬ ಒಂದು ಧರ್ಮವಿಲ್ಲ. ನೂರಾರು ಜನಾಂಗಗಳ ನೂರಾರು ಪರಂಪರೆಗಳಿವೆ. ಇಲ್ಲಿ ಒಂದನ್ನು, ಉತ್ತರ ಅಮೆರಿಕದ ಬಯಲುಸೀಮೆಯ ಲಕೋಟಾ ಜನರದ್ದನ್ನು ಮುಖ್ಯವಾಗಿ ನೋಡಬಹುದು. ಲಕೋಟಾ ಪುರುಷನು ಪವಿತ್ರ ಚಿಲುಮೆಯನ್ನು ಹಿಡಿದು ಪ್ರಾರ್ಥಿಸುವಾಗ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ಕ್ರಮವಾಗಿ ತಿರುಗಿ, ಅನಂತರ ಮೇಲಕ್ಕೆ ಆಕಾಶಕ್ಕೂ ಕೆಳಕ್ಕೆ ಭೂಮಿಗೂ ಅದನ್ನು ಅರ್ಪಿಸುತ್ತಾನೆ. ಪ್ರತಿಯೊಂದು ದಿಕ್ಕಿಗೂ ಅದರ ಬಣ್ಣ, ಅದರ ಶಕ್ತಿ, ಅದರ ಸಂಬಂಧ ಉಂಟು. ಅಲ್ಲಿ ದಿಕ್ಕುಗಳು ದಾರಿತೋರುವ ಕೈಮರಗಳಲ್ಲ, ಮಾತನಾಡಿಸಬೇಕಾದ ಬಂಧುಗಳು. ಪ್ರಾರ್ಥನೆಯ ಮುಕ್ತಾಯದಲ್ಲಿ ಹೇಳುವ 'ಮಿತಾಕುಯೆ ಒಯಾಸಿನ್' ಎಂಬ ನುಡಿಗೆ 'ನನ್ನ ಬಂಧುಗಳೆಲ್ಲ' ಎಂದು ಅರ್ಥ. (ದಿಗಂಬರ ಶ್ರಾವಕರು ಸಾಮಾಯಿಕದಲ್ಲಿ ನಾಲ್ಕೂ ದಿಕ್ಕಿಗೆ ಮೂರು ಮೂರು ಆವರ್ತಗಳನ್ನು ಮಾಡಿ ನಮಿಸುವ ವಿಧಿ ಸಮಂತಭದ್ರರ ರತ್ನಕರಂಡಕದ ಓದುಗರಿಗೆ ಇಲ್ಲಿ ನೆನಪಾಗಬಹುದು. ಹೊರಗಿನ ಚಲನೆ ಹತ್ತಿರವಿದ್ದರೂ ಒಳಗಿನ ಅರ್ಥ ದೂರ: ಸಾಮಾಯಿಕದಲ್ಲಿ ಮರುನುಡಿಯ ನಿರೀಕ್ಷೆಯಿಲ್ಲ, ಸಮಭಾವವೇ ಗುರಿ.)

ಹೆಹಾಕಾ ಸಾಪಾ, ಇಂಗ್ಲಿಷಿನಲ್ಲಿ ಬ್ಲ್ಯಾಕ್ ಎಲ್ಕ್, ಎಂಬ ಲಕೋಟಾ ವೃದ್ಧನ ಮಾತುಗಳನ್ನು ಕವಿ ಜಾನ್ ನೈಹಾರ್ಟ್ ಕೇಳಿ 1932ರಲ್ಲಿ ಪ್ರಕಟಿಸಿದ ಪುಸ್ತಕ ಜಗತ್ಪ್ರಸಿದ್ಧ. ಆತ 1904ರಲ್ಲಿ ಕ್ಯಾಥೊಲಿಕ್ ದೀಕ್ಷೆ ಪಡೆದು ದಶಕಗಳ ಕಾಲ ಧರ್ಮಬೋಧಕನಾಗಿ ದುಡಿದ ಸಂಗತಿ ಆ ಪುಸ್ತಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜಪಮಾಲೆಯನ್ನೂ ಚಿಲುಮೆಯನ್ನೂ ಒಂದೇ ಬಾಳಿನಲ್ಲಿ ಹಿಡಿದ ಆ ಮನುಷ್ಯ, ಸೋತ ಜನಾಂಗದ ಕೊನೆಯ ದನಿಯನ್ನು ಹುಡುಕುತ್ತಿದ್ದ ಓದುಗರಿಗೆ ಬೇಕಾಗಿರಲಿಲ್ಲ. ಆತ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನ ಹಾರ್ನಿ ಶಿಖರವನ್ನು ಲೋಕದ ಕೇಂದ್ರವೆಂದು ದರ್ಶನದಲ್ಲಿ ಕಂಡಿದ್ದ. ಅದರ ಜೊತೆಗೇ, ಯಾವ ಸ್ಥಳವೂ ಲೋಕದ ಕೇಂದ್ರವೇ ಎಂದೂ ಹೇಳಿದ್ದಾನೆ. ಈ ಮಾತನ್ನು ಹಿಡಿದು ಮೂಲನಿವಾಸಿಗಳ ಪ್ರಾರ್ಥನೆಗೆ ಸ್ಥಳದ ಹಂಗಿಲ್ಲವೆಂದು ತೀರ್ಮಾನಿಸುವುದು ಆತುರವಾದೀತು. 1877ರಲ್ಲಿ ಕಿತ್ತುಕೊಂಡ ಅದೇ ಬೆಟ್ಟಸಾಲಿಗೆ ಪರಿಹಾರವಾಗಿ ಹತ್ತು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು 1980ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ಬಡತನದಲ್ಲಿದ್ದ ಲಕೋಟಾ ಮತ್ತಿತರ ಸೂ ಜನಾಂಗಗಳು ಹಣವನ್ನು ಮುಟ್ಟಲಿಲ್ಲ. ಬೆಟ್ಟ ಬೇಕೆಂದರು. ಹಾರ್ನಿ ಶಿಖರಕ್ಕೆ 2016ರಲ್ಲಿ ಬ್ಲ್ಯಾಕ್ ಎಲ್ಕ್ ಶಿಖರವೆಂದು ಹೆಸರು ಬದಲಾಯಿತು. ನೆಲದ ಒಡೆತನ ಬದಲಾಗಲಿಲ್ಲ.

ಸ್ಟ್ಯಾಂಡಿಂಗ್ ರಾಕ್ ಸೂ ಜನಾಂಗದ ಚಿಂತಕ ವೈನ್ ಡೆಲೋರಿಯಾ 1973ರ 'ಗಾಡ್ ಈಸ್ ರೆಡ್' ಕೃತಿಯಲ್ಲಿ, ಕ್ರೈಸ್ತಾದಿ ಧರ್ಮಗಳು ಕಾಲವನ್ನು, ಮೂಲನಿವಾಸಿಗಳ ಧರ್ಮಗಳು ದೇಶವನ್ನು ಆಧಾರವಾಗಿ ಉಳ್ಳವೆಂದು ವಾದಿಸಿದ. ತೌಲನಿಕ ಅಧ್ಯಯನಕ್ಕೆ ಇದು ದೊಡ್ಡ ಕೊಡುಗೆ. ಆದರೂ ಕಿಬ್ಲಾ ಮತ್ತು ಮಿಜ್ರಾಹ್‌ಗಳನ್ನು ಮುಂದಿಟ್ಟುಕೊಂಡರೆ ಈ ಸೂತ್ರಕ್ಕೆ ತಿದ್ದುಪಡಿ ಬೇಕೆನಿಸುತ್ತದೆ. ಸ್ಥಳವು ಎಲ್ಲರಿಗೂ ಇದೆ. ಅಲ್ಲಿ ಅದು ದೂರದಿಂದ ತಿರುಗಿ ನೋಡುವ ಸ್ಥಳ, ಪಾಳುಬಿದ್ದರೂ ಪ್ರಾರ್ಥನೆ ನಡೆಯುವ ಸ್ಥಳ. ಇಲ್ಲಿ ಅದು ಹೋಗಿ ನಿಲ್ಲಬೇಕಾದ, ಪ್ರಾರ್ಥನೆಯಲ್ಲಿ ತಾನೂ ಪಾಲುಗೊಳ್ಳುವ ಸ್ಥಳ.

ಈ ವ್ಯತ್ಯಾಸವನ್ನು ಅರಿಯದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಾನೂನಿನ ಇತಿಹಾಸವೇ ಸಾಕ್ಷಿ. 1883ರ 'ಇಂಡಿಯನ್ ಅಪರಾಧಗಳ ಸಂಹಿತೆ' ಸೂರ್ಯನೃತ್ಯವನ್ನು ಅಪರಾಧವೆಂದು ಸಾರಿ, ಭಾಗವಹಿಸಿದವರ ಪಡಿತರವನ್ನು ತಡೆಹಿಡಿಯಿತು. ಆ ಕಾಲದ ಹಗೆತನ ಬಹಿರಂಗವಾಗಿತ್ತು. 1978ರಲ್ಲಿ ಮೂಲನಿವಾಸಿಗಳ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಬಂತು. ಅದಾಗಿ ಹತ್ತು ವರ್ಷದೊಳಗೆ ಬಂದದ್ದು ಕ್ಯಾಲಿಫೋರ್ನಿಯಾದ ರಸ್ತೆಯ ಮೊಕದ್ದಮೆ. ವಾಯವ್ಯ ಕ್ಯಾಲಿಫೋರ್ನಿಯಾದ ಸಿಕ್ಸ್ ರಿವರ್ಸ್ ರಾಷ್ಟ್ರೀಯ ಅರಣ್ಯದಲ್ಲಿ ಚಿಮ್ನಿ ರಾಕ್ ಎಂಬ ಎತ್ತರದ ಪ್ರದೇಶವಿದೆ. ಯುರೋಕ್, ಕಾರೂಕ್, ಟೊಲೊವಾ ಜನರು ಅಲ್ಲಿಗೆ ಒಂಟಿಯಾಗಿ ಹತ್ತಿ, ಮೌನದಲ್ಲಿ ಪ್ರಾರ್ಥಿಸಿ, ಪಡೆದ ಶಕ್ತಿಯನ್ನು ಕೆಳಗಿನ ಹಳ್ಳಿಗಳಲ್ಲಿ ಲೋಕವನ್ನು ನವೀಕರಿಸುವ ಆಚರಣೆಗೆ ತರುತ್ತಾರೆ. ಗ್ಯಾಸ್ಕೆಟ್ ಮತ್ತು ಆರ್ಲಿಯನ್ಸ್ ಊರುಗಳನ್ನು ಕೂಡಿಸುವ ರಸ್ತೆಯ ಕೊನೆಯ ಆರು ಮೈಲಿ ಅದರ ನಡುವೆ ಹಾಯಬೇಕಿತ್ತು. ಅರಣ್ಯ ಇಲಾಖೆ ತಾನೇ ಮಾಡಿಸಿದ 1979ರ ಅಧ್ಯಯನವು, ರಸ್ತೆಯಿಂದ ಈ ಆಚರಣೆಗಳಿಗೆ ಗಂಭೀರ ಹಾನಿಯಾಗುವುದರಿಂದ ಅದನ್ನು ಕೈಬಿಡಬೇಕೆಂದು ಹೇಳಿತ್ತು. ಇಲಾಖೆ ಕೈಬಿಡಲಿಲ್ಲ.

1988ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು 5-3ರ ಬಹುಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್, ರಸ್ತೆಯಿಂದ ಆ ಶ್ರದ್ಧೆಗೆ ವಿನಾಶಕಾರಿ ಪರಿಣಾಮ ಆಗಬಹುದೆಂಬುದನ್ನು ಅಲ್ಲಗಳೆಯಲಿಲ್ಲ. ಯಾರನ್ನೂ ತಮ್ಮ ನಂಬಿಕೆಗೆ ವಿರುದ್ಧವಾಗಿ ನಡೆಯುವಂತೆ ಸರ್ಕಾರ ಬಲವಂತಪಡಿಸುತ್ತಿಲ್ಲ, ಭೂಮಿಯಾದರೋ ಸರ್ಕಾರದ್ದು ಎಂಬುದು ಅವರ ತರ್ಕ. ನಂಬಿಕೆ ಮನಸ್ಸಿನಲ್ಲಿರುತ್ತದೆ, ಮನಸ್ಸನ್ನು ಎಲ್ಲಿಂದಲಾದರೂ ತಿರುಗಿಸಬಹುದು ಎಂಬ ಹಳೆಯ ಗ್ರಹಿಕೆ ಆ ತರ್ಕದ ತಳದಲ್ಲಿದೆ. ಹಡಗಿನಲ್ಲಿದ್ದವನಿಗೆ ದಯೆಯಿಂದ ಹೇಳಿದ ವಿಧಿ ಬೆಟ್ಟದಲ್ಲಿದ್ದವನಿಗೆ ಹೊರದೂಡುವ ಆಜ್ಞೆಯಾಯಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಇದನ್ನು ಗುರುತಿಸಿದ್ದರು: ಈ ಜನರಿಗೆ ನೆಲವು ಆರಾಧನೆ ನಡೆಯುವ ಜಾಗ ಮಾತ್ರವಲ್ಲ, ತಾನೇ ಒಂದು ಜೀವಂತ ಪವಿತ್ರ ಸತ್ತ್ವ ಎಂಬ ಅರ್ಥದಲ್ಲಿ ಅವರು ಬರೆದರು.

ತೀರ್ಪಿನಲ್ಲಿ ಗೆದ್ದ ರಸ್ತೆ ಪೂರ್ಣಗೊಳ್ಳಲಿಲ್ಲ. 1990ರಲ್ಲಿ ಅಮೆರಿಕದ ಸಂಸತ್ತು ಆ ಪಟ್ಟಿಯನ್ನು ಸಿಸ್ಕಿಯೂ ಸಂರಕ್ಷಿತ ಅರಣ್ಯಕ್ಕೆ ಸೇರಿಸಿತು. ಎರಡು ಕಡೆಗಳಿಂದ ಬಂದ ಡಾಂಬರು ಕಾಡಿನಲ್ಲಿ ನಿಂತುಹೋಗಿದೆ; ನಡುವಿನ ಆರು ಮೈಲಿಯನ್ನು ಇಂದಿಗೂ ನಡೆದೇ ಹೋಗಬೇಕು.