ಪುಣೆಯ ಸಿ-ಡ್ಯಾಕ್: ಪರಮ್ ಗಣಕವೂ ಕನ್ನಡ ಲಿಪಿಯೂ

ಹವೆಯ ಮುನ್ಸೂಚನೆಗೆ ಲೆಕ್ಕಗಳ ರಾಶಿಯೇ ಬೇಕು. ಈ ಕಾರ್ಯಕ್ಕಾಗಿ ಭಾರತ ಸರ್ಕಾರವು ೧೯೮೦ರ ದಶಕದಲ್ಲಿ ಅಮೆರಿಕದ ಕ್ರೇ ಸಂಸ್ಥೆಯ ಮಹಾಗಣಕವನ್ನು ಕೊಳ್ಳಲು ಯತ್ನಿಸಿತು. ಅಲ್ಲಿನ ಸರ್ಕಾರವು ಬಯಸಿದ ಯಂತ್ರವನ್ನು ನಿರಾಕರಿಸಿ, ಅದಕ್ಕಿಂತ ಕಡಮೆ ಶಕ್ತಿಯದೊಂದನ್ನು ಹಲವು ಕಟ್ಟುಪಾಡುಗಳೊಡನೆ ಕೊಡಲೊಪ್ಪಿತು. ಬೇಡಿದುದು ದೊರೆಯದಿದ್ದಲ್ಲಿ ಸ್ವತಃ ನಿರ್ಮಿಸಿಕೊಳ್ಳಬೇಕೆಂಬ ನಿಶ್ಚಯದ ಫಲವಾಗಿ ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಸ್ಥೆಯು ಜನ್ಮ ತಾಳಿತು. ವಿಜಯ ಭಟ್ಕರ್ ಅದರ ಪ್ರಥಮ ನಿರ್ದೇಶಕರು.

ಒಂದೇ ಮಹಾಶಕ್ತ ಯಂತ್ರದ ಬದಲು ಅನೇಕ ಸಣ್ಣ ಸಂಸ್ಕಾರಕಗಳಿಗೆ ಲೆಕ್ಕವನ್ನು ಹಂಚಿಕೊಡುವ ಮಾರ್ಗವನ್ನು ಸಂಸ್ಥೆಯು ಹಿಡಿಯಿತು. ಇದಕ್ಕೆ ಬ್ರಿಟನ್ನಿನ ಇನ್‌ಮೋಸ್ ಸಂಸ್ಥೆಯ ಟ್ರಾನ್ಸ್‌ಪ್ಯೂಟರುಗಳು ಒದಗಿದವು. ಅವುಗಳಲ್ಲಿ ಪ್ರತಿಯೊಂದಕ್ಕೂ ನೆರೆಯವುಗಳೊಡನೆ ಸಂಪರ್ಕಿಸಲು ನಾಲ್ಕು ಕೊಂಡಿಗಳಿದ್ದವು. ೧೯೯೧ರಲ್ಲಿ ಪರಮ್ ೮೦೦೦ ಸಿದ್ಧವಾಯಿತು. ಆದರೆ ಇದನ್ನು ದೇಶದ ಮೊದಲ ಸಮಾಂತರ ಗಣಕವೆಂದು ಭಾವಿಸುವುದು ಸರಿಯಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ೧೯೮೬ರಲ್ಲಿಯೇ ರೂಪುಗೊಂಡಿತ್ತು.

ಪರಮ್ ಗಣಕದ ಕೀರ್ತಿಯ ನೆರಳಿನಲ್ಲಿ ಸಿ-ಡ್ಯಾಕಿನ ಮತ್ತೊಂದು ಕಾರ್ಯವು ಮರೆಯಾಗಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ಭಾರತೀಯ ಲಿಪಿಗಳ ಸಂಶೋಧನೆಯು ಪುಣೆಯಲ್ಲಿ ಮುಂದುವರಿದು, 'ಜಿಸ್ಟ್' ಎಂಬ ಹೆಸರಿನ ಕಾರ್ಡಾಗಿ ಪರಿಣಮಿಸಿತು. ಇಂಗ್ಲಿಷಿಗಾಗಿ ರಚಿತವಾಗಿದ್ದ ಸಾಮಾನ್ಯ ಗಣಕದೊಳಗೆ ಇದನ್ನು ಅಳವಡಿಸಿದರೆ ತೆರೆಯ ಮೇಲೆ ಕನ್ನಡವೂ ಮೂಡುತ್ತಿತ್ತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ರೂಪ ಬೇರೆಯಾದರೂ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ ಎಂಬುದು ಇದರ ತಳಹದಿ. ಆದುದರಿಂದಲೇ ಕನ್ನಡದ 'ಕ'ಕಾರಕ್ಕೂ ನಾಗರಿಯ 'ಕ'ಕಾರಕ್ಕೂ ಒಂದೇ ಸಂಕೇತವನ್ನಿತ್ತ 'ಇಸ್ಕಿ' ಎಂಬ ಪದ್ಧತಿಯು ೧೯೯೧ರಲ್ಲಿ ಭಾರತೀಯ ಮಾನಕವಾಯಿತು.

ಅದೇ ವರ್ಷ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತವು ಪ್ರತಿಯೊಂದು ಲಿಪಿಗೂ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತಾದರೂ, ಒಳಗಿನ ಜೋಡಣೆಯಲ್ಲಿ ಇಸ್ಕಿಯ ೧೯೮೮ರ ರೂಪವನ್ನೇ ಅನುಸರಿಸಿತು. ಸೊನ್ನೆಯಿಂದ ಎಣಿಸಿದರೆ ಕನ್ನಡ, ತೆಲುಗು, ನಾಗರಿ ಮೂರರಲ್ಲಿಯೂ 'ಕ'ಕಾರವು ೨೧ನೆಯ ಮನೆಯಲ್ಲಿದೆ.

ಮಾನಕವಿದ್ದರೂ ಅದನ್ನು ಪಾಲಿಸದಿದ್ದುದರ ಬೆಲೆಯನ್ನು ಕನ್ನಡವು ತೆತ್ತಿತು. ಮುದ್ರಣಕ್ಕೆ ಬಳಕೆಯಾದ ಅನೇಕ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳನ್ನೇ ಹಿಡಿದುದರಿಂದ, ಒಂದರಲ್ಲಿ ಜೋಡಿಸಿದ ಬರಹವು ಇನ್ನೊಂದರಲ್ಲಿ ಅರ್ಥವಿಲ್ಲದ ಗೆರೆಗಳಾಗಿ ಕಂಡಿತು. ತಾಳೆಯೋಲೆಯನ್ನು ಗೆದ್ದಲು ತಿಂದರೆ ಕಣ್ಣಿಗೆ ಕಾಣುವುದು. ಸಂಕೇತ ಮರೆತ ಕಡತವು ಅಳಿಯದೆಯೇ ಮೂಕವಾಗುವುದು. ಅಂತಹ ಬರಹಗಳನ್ನು ಯೂನಿಕೋಡಿಗೆ ತರುವುದು ಹಳೆಯ ಓಲೆಗಳ ಸಂಪಾದನೆಯಷ್ಟೇ ಅವಶ್ಯವಾದ ಕಾರ್ಯ.

ದೊರೆಯದ ಯಂತ್ರಕ್ಕಾಗಿ ಹುಟ್ಟಿದ ಸಂಸ್ಥೆಯ ಚರಿತ್ರೆಯಲ್ಲಿ ಕನ್ನಡಿಗರು ನೆನೆಯಬೇಕಾದುದು ಪರಮ್ ಗಣಕದ ವೇಗವೊಂದನ್ನೇ ಅಲ್ಲ. ಪ್ರಾಚೀನ ವರ್ಣಮಾಲೆಯ ಕ್ರಮವು ಗಣಕದ ಕ್ರಮವೂ ಆದ ಸಂಗತಿಯನ್ನು.