ಕುದುರೆಮುಖ ರಾಷ್ಟ್ರೀಯ ಉದ್ಯಾನ

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿರುವ ಸಂರಕ್ಷಿತ ಅರಣ್ಯಪ್ರದೇಶ. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಮೊದಲ ಅಧಿಸೂಚನೆ ಹೊರಟಿತು. ಸಮುದ್ರಮಟ್ಟದಿಂದ 1,890 ಮೀಟರಿಗೂ ಹೆಚ್ಚು ಎತ್ತರವಿರುವ ಮುಖ್ಯ ಶಿಖರವು ಒಂದು ದಿಕ್ಕಿನಿಂದ ಕುದುರೆಯ ಮುಖದಂತೆ ಕಾಣುವುದೇ ಈ ಹೆಸರಿಗೆ ಕಾರಣ.

ನೆಲ ಮತ್ತು ನೀರು

ಬೆಟ್ಟಗಳ ಮೇಲ್ಭಾಗವು ಹುಲ್ಲುಗಾವಲು. ಗಾಳಿಯ ಹೊಡೆತ ತಾಕದ ಕಣಿವೆಗಳಲ್ಲಿ ಮಾತ್ರ ಕುಳ್ಳು ಮರಗಳ ದಟ್ಟ ಶೋಲಾ ಕಾಡುಗಳಿವೆ. ದೂರದಿಂದ ನೋಡುವವರಿಗೆ ಹುಲ್ಲುಗಾವಲು ಬರಿದಾದ ಗುಡ್ಡವೆಂದು ತೋರಬಹುದು, ಅದು ತಪ್ಪು ಗ್ರಹಿಕೆ. ಮುಂಗಾರಿನ ಭಾರೀ ಮಳೆಯನ್ನು ಹುಲ್ಲು ಮತ್ತು ಶೋಲಾಗಳು ಸೇರಿ ಹಿಡಿದಿಟ್ಟುಕೊಂಡು, ಬೇಸಿಗೆಯಲ್ಲಿಯೂ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಇಲ್ಲಿನ ಗಂಗಾಮೂಲದ ಬೆಟ್ಟಗಳಲ್ಲಿ ಹುಟ್ಟುತ್ತವೆ. ಮೊದಲಿನೆರಡು ಪೂರ್ವಕ್ಕೆ ಇಳಿದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾದರೆ, ನೇತ್ರಾವತಿಯು ಪಶ್ಚಿಮಕ್ಕೆ ತಿರುಗಿ ಮಂಗಳೂರಿನ ಬಳಿ ಕಡಲು ಸೇರುತ್ತದೆ.

ಪ್ರಾಣಿಗಳು

ಅಳಿವಿನಂಚಿನಲ್ಲಿರುವ ಸಿಂಗಳೀಕಕ್ಕೆ ಈ ಕಾಡು ಬಹುಮುಖ್ಯ ನೆಲೆ. ಮರದಿಂದ ಮರಕ್ಕೆ ಸಾಗುತ್ತ ಬದುಕುವ ಈ ಕೋತಿಗೆ ಕಾಡಿನ ಮೇಲ್ಚಾವಣಿ ಕಡಿಯದೆ ಇರಬೇಕು. ರಸ್ತೆಯೊಂದು ಕಾಡನ್ನು ಸೀಳಿದರೂ ಗುಂಪುಗಳು ಬೇರ್ಪಡುತ್ತವೆ. ಹುಲಿ, ಚಿರತೆ, ಕಾಡುನಾಯಿ, ಕಾಟಿ, ಕಡವೆಗಳೂ ಇಲ್ಲಿವೆ.

ಗಣಿಗಾರಿಕೆ

ಇಲ್ಲಿನ ಮ್ಯಾಗ್ನಟೈಟ್ ಅದಿರನ್ನು ತೆಗೆಯಲು 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪನೆಯಾಯಿತು. ಇರಾನಿನೊಡನೆ ಮಾಡಿಕೊಂಡಿದ್ದ ಒಪ್ಪಂದ ಇದಕ್ಕೆ ಆಧಾರವಾಗಿತ್ತು; 1979ರ ಕ್ರಾಂತಿಯ ನಂತರ ಆ ಖರೀದಿ ಕೈಗೂಡಲಿಲ್ಲ. ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಘಟ್ಟದ ಕೆಳಗಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಲಾಯಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಸೇರುತ್ತದೆಂದು ಪರಿಸರವಾದಿಗಳು ಆಕ್ಷೇಪಿಸಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿ, ಗಣಿಗಾರಿಕೆಯನ್ನು 2005ರ ಕೊನೆಗೆ ನಿಲ್ಲಿಸುವಂತೆ ಆದೇಶಿಸಿತು. ಗಣಿಯನ್ನೇ ನಂಬಿ ಬೆಳೆದಿದ್ದ ಕುದುರೆಮುಖ ಪಟ್ಟಣವು ಬಳಿಕ ಬಹುಮಟ್ಟಿಗೆ ಬರಿದಾಯಿತು. ಕಾಡು ಉಳಿಯಿತೆಂಬ ಸಂತೋಷದ ಜೊತೆಗೆ ಈ ನಷ್ಟವನ್ನೂ ಗಮನಿಸಬೇಕಾಗುತ್ತದೆ.

ಚಾರಣ

ಶಿಖರಕ್ಕೆ ಸಾಮಾನ್ಯವಾಗಿ ಕಳಸದ ಸಮೀಪದ ಸಂಸೆಯ ಕಡೆಯಿಂದ, ಮುಳ್ಳೋಡಿ ಗ್ರಾಮದ ದಾರಿಯಾಗಿ ಹೋಗುತ್ತಾರೆ. ಹೋಗಿ ಬರಲು ಸುಮಾರು 20 ಕಿಲೋಮೀಟರು ನಡೆಯಬೇಕು. ಅರಣ್ಯ ಇಲಾಖೆಯ ಪೂರ್ವಾನುಮತಿ ಅಗತ್ಯ. ಕಾಡಿನಲ್ಲಿ ತಂಗುವಂತಿಲ್ಲವಾದ್ದರಿಂದ ಬೆಳಗ್ಗೆ ಬೇಗನೆ ಹೊರಟು ಸಂಜೆಯೊಳಗೆ ಇಳಿಯಬೇಕು. ದಾರಿಯು ಹಳ್ಳಗಳನ್ನು ದಾಟಿ, ಒಂಟಿಮರವೆಂಬ ಸ್ಥಳವನ್ನು ಹಾದು ಏರುತ್ತದೆ. ಮಳೆಗಾಲದಲ್ಲಿ ಇಂಬಳಗಳ ಕಾಟ ವಿಪರೀತ, ಮಂಜು ಕವಿದರೆ ಶಿಖರದಲ್ಲಿ ಏನೂ ಕಾಣದು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯವಿರುತ್ತದೆ. ಮಳೆ ನಿಂತ ನಂತರದ ತಿಂಗಳುಗಳೇ ಹೆಚ್ಚು ಅನುಕೂಲ.